ಹೊಲ ಯಾರ ಹೆಸರಿಗೆ?

ಪದವಿ ಪಡೆದ ಮಕ್ಕಳಿಗೆ, ಹೊಲದ ಕೆಲಸ ಬಿಟ್ಟು ಬಂದು ಕುಂತಿರುವ ನಿಮ್ಮ ತಾಯಿ-ತಂದೆಯರಿಗೆ ಅಭಿನಂದನೆ. ಅಷ್ಟು ಸಾಕು, ಉಳಿದ ಹೊಗಳಿಕೆ ಬ್ಯಾನರಿನ ಮೇಲಿದೆ.

ನಾನು ಅರ್ಥಶಾಸ್ತ್ರದ ಮಾಸ್ತರ. ಕಮ್ಯುನಿಸಂನ ಲಕ್ಷಣ ಬರೆಯಿರಿ ಎಂದರೆ 'ಎಲ್ಲರೂ ಸಮಾನರು' ಎಂದು ಗೀಚಿ ಮುಂದಿನ ಪ್ರಶ್ನೆಗೆ ಜಿಗಿಯುವ ಉತ್ತರಪತ್ರಿಕೆಗಳನ್ನು ತಿದ್ದಿ ನನಗೆ ಸಾಕಾಗಿದೆ. ಈಗಂತೂ ನಿಮ್ಮ ಮೊಬೈಲಿನಲ್ಲಿ ಅದೊಂದು ಬೈಗುಳ. ಬೈಯಿರಿ, ಆದರೆ ತಿಳಿದು ಬೈಯಿರಿ. ಅದರ ಬುಡದಲ್ಲಿರುವುದು ಒಡೆತನದ ಪ್ರಶ್ನೆ. ಹೊಲ, ಗಿರಣಿ, ಗಣಿ ಖಾಸಗಿಯವರ ಕೈಯಲ್ಲಿ ಇರಕೂಡದು ಎಂದು 1848ರಲ್ಲಿ ಮಾರ್ಕ್ಸ್, ಎಂಗೆಲ್ಸ್ ಬರೆದರು. ಮುಂದೆ ಕಮ್ಯುನಿಸ್ಟರು ಆಳಿದ ರಷ್ಯಾದಲ್ಲಿ ಏನು ಬೆಳೆಯಬೇಕು, ಎಷ್ಟಕ್ಕೆ ಮಾರಬೇಕು ಎಂಬುದನ್ನು ಪೇಟೆಯ ಬದಲು ಯೋಜನಾ ಕಚೇರಿ ಹೇಳತೊಡಗಿತು. ಆ ಕಚೇರಿ ಒಂದೇ ಪಕ್ಷದ ಅಂಕೆಯಲ್ಲಿತ್ತು. ಕೊನೆಗೆ ಸರಕಾರವೇ ಬೇಡವಾಗುತ್ತದೆ ಎಂಬ ಹಂತ ಪುಸ್ತಕದಲ್ಲೇ ಉಳಿಯಿತು. 1991ರಲ್ಲಿ ಸೋವಿಯತ್ ಒಕ್ಕೂಟವೂ ಹೋಯಿತು.

ದೂರದ ಮಾತು ಎನ್ನಬೇಡಿ. ನಮ್ಮ ಅಂದೋಲಾ, ಜೇವರ್ಗಿ 1948ರ ತನಕ ನಿಜಾಮನ ಸೀಮೆ. ಅದೇ ಸಂಸ್ಥಾನದ ತೆಲಂಗಾಣದಲ್ಲಿ ಕಮ್ಯುನಿಸ್ಟರು 1946ರಿಂದ ಬಿಟ್ಟಿ ಚಾಕರಿಯ ವಿರುದ್ಧ ರೈತರನ್ನು ಎಬ್ಬಿಸಿ, ದೇಶಮುಖರೆಂಬ ಜಮೀನ್ದಾರರ ಭೂಮಿ ಹಂಚಿದರು. 1951ರಲ್ಲಿ ಹೋರಾಟ ನಿಲ್ಲಿಸಿದರು. ಅಷ್ಟರಲ್ಲಿ, 1949ರಲ್ಲಿ, ಜಾಗೀರುಗಳು ರದ್ದಾಗಿದ್ದವು. ಆ ಬಿಸಿ ತಟ್ಟದೆ ಇಷ್ಟು ಬೇಗ ಆಗುತ್ತಿತ್ತೆಂದು ನಾನು ನಂಬುವುದಿಲ್ಲ.

ಆಮೇಲೆ ಬಂತು 1974. ದೇವರಾಜ ಅರಸರ ಸರಕಾರ ಲಾವಣಿಗೆ, ಅಂದರೆ ಗೇಣಿಗೆ, ಕೊಟ್ಟ ಹೊಲಗಳನ್ನು ತನ್ನ ವಶಕ್ಕೆ ತೆಗೆದುಕೊಂಡು, ಉಳುವವರು ಒಡೆತನಕ್ಕಾಗಿ ಏಳನೇ ನಮೂನೆಯಲ್ಲಿ ಅರ್ಜಿ ಹಾಕಿ ಎಂದಿತು. ನಮ್ಮ ಮಾಸ್ತರೊಬ್ಬರು ಶಾಲೆ ಬಿಟ್ಟ ಮೇಲೆ ಕಟ್ಟೆಯ ಮೇಲೆ ಕುಂತು, ಹೆಬ್ಬೆಟ್ಟಿನವರ ಅರ್ಜಿ ತುಂಬಿಕೊಡುತ್ತಿದ್ದರು. ಒಂದು ಚಹಾ ಸಹ ಮುಟ್ಟುತ್ತಿರಲಿಲ್ಲ. ಸರ್ವೆ ನಂಬರು ತಪ್ಪಿದರೆ ನನಗೆ ಬೈಗುಳ, ಏಕೆಂದರೆ ನಕಲು ಮಾಡುತ್ತಿದ್ದವನು ನಾನು. ಕಮ್ಯುನಿಸಂ ಬಂತಲ್ಲರೀ ಸರ ಎಂದೆ ಒಮ್ಮೆ. ನಕ್ಕರು. "ಎಲ್ಲಿ ಬಂತೋ? ರಷ್ಯಾದಾಗ ರೈತನ ಹೊಲ ತಗೊಂಡು ಸಾಮೂಹಿಕ ಮಾಡಿದರು. ಇಲ್ಲಿ ಒಬ್ಬ ಒಡೆಯನ ಜಾಗಾದಾಗ ನೂರು ಸಣ್ಣ ಒಡೆಯರು ಆಗ್ಯಾರ. ಅವರಿಗೂ ಮಕ್ಕಳಾಗ್ತಾರ, ಹೊಲ ಹರೀತಾವ," ಎಂದರು. ಬಾಯಿಮಾತಿನ ಪಾಲಿಗೆ ಸಾಕ್ಷಿಯಿಲ್ಲದ ಎಷ್ಟೋ ಮಂದಿ ಅವರ ಕಟ್ಟೆಯಿಂದ ಹಾಗೇ ಎದ್ದು ಹೋದದ್ದನ್ನೂ ಕಂಡಿದ್ದೇನೆ.

ಭೂಸುಧಾರಣಾ ಕಾಯ್ದೆಗೆ 2020ರಲ್ಲಿ ತಿದ್ದುಪಡಿಯಾದ ಮೇಲೆ ರೈತರಲ್ಲದವರೂ ಕೃಷಿಭೂಮಿ ಕೊಳ್ಳಬಹುದು. ತೊಗರಿ ನಮ್ಮದು, ದರ ಹೇಳುವವರು ಬೇರೆ. ಮಾರ್ಕ್ಸನ ಉತ್ತರ ನಿಮಗೆ ಒಪ್ಪಿಗೆಯಾಗದಿದ್ದರೆ ಬಿಡಿ, ನನಗೂ ಪೂರ್ತಿ ಒಪ್ಪಿಗೆಯಿಲ್ಲ. ಆದರೆ ಒಡೆತನ ಯಾರದೆಂಬ ಅವನ ಪ್ರಶ್ನೆಗೆ ನಿಮ್ಮ ಮನೆಯಲ್ಲೇ ಕಾಗದವಿದೆ. ನಿಮ್ಮಲ್ಲಿ ಎಷ್ಟು ಜನಕ್ಕೆ ಪಹಣಿ ಓದಲು ಬರುತ್ತದೆ? ಕೈ ಎತ್ತಿರಿ. ನೋಡಿದಿರಾ! ಸ್ಪರ್ಧಾತ್ಮಕ ಪರೀಕ್ಷೆಯ ತಯಾರಿಗೆ ಧಾರವಾಡಕ್ಕೆ ಹೋಗುವ ಮುಂಚೆ ಒಂದು ಪಹಣಿ ತೆಗೆಸಿ. ಖಾತೆದಾರರು ಯಾರು, ಸಾಗುವಳಿದಾರರು ಯಾರು, ಸಾಲದ ಬೋಜಾ ಎಷ್ಟು ಓದಿ. ಅಜ್ಜ ತೀರಿಕೊಂಡಿದ್ದರೆ ವಾರಸಾ ಹಾಕಿಸಿ. ಅಕ್ಕತಂಗಿಯರ ಹೆಸರು ಬಿಟ್ಟಿದ್ದರೆ ಮೊದಲು ಅದನ್ನು ಸೇರಿಸಿ, ಆಮೇಲೆ ನನ್ನ ಜೊತೆ ಸಮಾನತೆಯ ಚರ್ಚೆಗೆ ಬನ್ನಿ.