ಮಡಿವಾಳ ಹಕ್ಕಿಯೂ ತೊರಕೆ ಮೀನೂ

ದುರ್ಗದ ಸೀಮೆಯವರಾದ ನಮಗೆ ತೊರಕೆ ಮೀನು ಪರಿಚಿತವಲ್ಲ. ಬಿ.ದುರ್ಗದಿಂದ ಕಡಲನ್ನು ಕಾಣಬೇಕಾದರೆ ಮಲೆನಾಡನ್ನು ದಾಟಿ ಘಟ್ಟವನ್ನಿಳಿಯಬೇಕು. ವೇದಾವತಿಗೆ 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆಯ ವಿಸ್ತಾರವಾದ ನೀರಿನಲ್ಲಿಯೂ ಅದಿಲ್ಲ. ಮಡಿವಾಳ ಹಕ್ಕಿಯಾದರೋ ನಮ್ಮ ತೋಟದ ನೆರೆಯವನು. ಬೇಸಗೆಯ ಬೆಳಗಿನಲ್ಲಿ ತೆಂಗಿನ ಗರಿಯ ಮೇಲೆ ಕುಳಿತು, ಬಾಲವನ್ನು ನಿಗುರಿಸಿ, ಈ ಎಲ್ಲೆ ತನ್ನದೆಂದು ಹಾಡಿನಲ್ಲಿಯೇ ಸಾರುತ್ತದೆ. ಗೇಣಿಗಿಂತ ಕಿರಿದಾದ ಇದನ್ನು ಮೂಕವಾದ ಮೀನಿನೊಡನೆ ತೂಗುವುದೇಕೆಂದು ಶ್ರೋತೃಗಳು ನಗಬಹುದು. ಎರಡಕ್ಕೂ ರೆಕ್ಕೆಯುಂಟೆಂಬುದೇ ನಮ್ಮ ನೆಪ.

ಅರಬ್ಬೀ ಸಮುದ್ರದಲ್ಲಿ ಮೈತುಂಬ ಬಿಳಿಯ ಚುಕ್ಕೆಗಳುಳ್ಳ ಒಂದು ಜಾತಿಯ ತೊರಕೆಯುಂಟು. ಹದ್ದಿನಂತೆ ರೆಕ್ಕೆ ಬಡಿಯುವುದರಿಂದ ಅದನ್ನು ಹದ್ದು-ತೊರಕೆಯೆನ್ನೋಣ. ರೆಕ್ಕೆಯಿಂದ ರೆಕ್ಕೆಗೆ ಆರು ಅಡಿಯನ್ನೂ ಮೀರಿ ಬೆಳೆಯುತ್ತದೆ. ಅದರ ಒಡಲಿನಲ್ಲಿ ಗಟ್ಟಿಯಾದ ಎಲುಬಿಲ್ಲ, ಮೃದ್ವಸ್ಥಿಯೇ ಎಲ್ಲ. ರೆಕ್ಕೆಯ ಹೋಲಿಕೆ ಇಲ್ಲಿಗೇ ಸಾಕು, ಸೋಜಿಗವಿರುವುದು ಸಂತಾನದಲ್ಲಿ.

ಹಕ್ಕಿ ಗೋಡೆಯ ಸಂದಿನಲ್ಲಿಯೋ ಮರದ ಪೊಟರೆಯಲ್ಲಿಯೋ ನಾಲ್ಕೈದು ಮೊಟ್ಟೆಗಳನ್ನಿಡುತ್ತದೆ. ಎರಡು ವಾರದೊಳಗೆ ಮರಿ ಹೊರಬರುತ್ತದೆ. ಕಣ್ಣಿಲ್ಲ, ಪುಕ್ಕವಿಲ್ಲ, ಬಾಯಿಯೊಂದೇ ದೊಡ್ಡದು. ತಂದೆತಾಯಿಗಳು ಹುಳುಗಳನ್ನು ತಂದು ತುರುಕುತ್ತವೆ. ಒಂದು ಗೂಡು ಹಾವಿನ ಪಾಲಾದರೆ ಆ ಋತುವಿನಲ್ಲಿಯೇ ಮತ್ತೊಂದನ್ನು ಕಟ್ಟುವುದುಂಟು.

ಮೀನೆಂದರೆ ಲಕ್ಷಾಂತರ ತತ್ತಿಗಳೆಂದು ನಾವು ಬಗೆದಿರುತ್ತೇವೆ. ತೊರಕೆಯ ರೀತಿ ಹಾಗಲ್ಲ. ಅದು ಬಸುರಾಗಿ, ಗರ್ಭಾಶಯದ ಒಳಗೋಡೆಯಲ್ಲಿ ಒಸರುವ ಹಾಲಿನಂತಹ ರಸದಿಂದ ಮರಿಗಳನ್ನು ಪೋಷಿಸುತ್ತದೆ! ಹದ್ದು-ತೊರಕೆಗೆ ಸುಮಾರು ಒಂದು ವರ್ಷ ಬಸುರು. ಹುಟ್ಟುವುವು ಸಾಮಾನ್ಯವಾಗಿ ಒಂದರಿಂದ ನಾಲ್ಕು. ಹುಟ್ಟಿದೊಡನೆ ಮರಿ ಸ್ವತಂತ್ರ, ತಾಯಿ ಹಿಂದಿರುಗಿಯೂ ನೋಡದು. ಅದು ತಾನೂ ತಾಯಿಯಾಗಲು ನಾಲ್ಕರಿಂದ ಆರು ವರ್ಷ ಕಳೆಯಬೇಕು.

ಆದುದರಿಂದ ಬಲೆಯ ಲೆಕ್ಕ ಬೇರೆಯಾಗುತ್ತದೆ. ಬೂತಾಯಿ ಬಂಗುಡೆಗಳು ಅಸಂಖ್ಯ ತತ್ತಿಗಳಿಂದ ತುಂಬಿಕೊಳ್ಳುವ ನಷ್ಟವನ್ನು ತೊರಕೆ ತುಂಬಲಾರದು. ಕಡಲ ತಳವನ್ನು ಗೋರುವ ಟ್ರಾಲ್ ಬಲೆಗೆ ಈ ಭೇದ ತಿಳಿಯದು. ಶಾರ್ಕ್ ಮತ್ತು ತೊರಕೆಗಳ ವರ್ಗದಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಜಾತಿಗಳು ಅಳಿವಿನ ಭಯದಲ್ಲಿವೆಯೆಂದು 2021ರಲ್ಲಿ ಪ್ರಕಟವಾದ ಗಣನೆ ತಿಳಿಸುತ್ತದೆ. ನಮ್ಮ ಹಾಡುವ ನೆರೆಯವನಿಗೆ ಅಂತಹ ಭಯ ಸದ್ಯಕ್ಕಿಲ್ಲ. ಹಾಡು ನಿಂತರೆ ನಮಗೆ ತಿಳಿಯುತ್ತದೆ, ಅಷ್ಟು ಹತ್ತಿರ ಅದು. ತೊರಕೆಗೆ ದನಿಯಿಲ್ಲ. ಬಲೆಗೆ ಸಿಕ್ಕ ಬಸುರಿಯಂತೂ ಆ ಸಂಕಟದಲ್ಲಿ ಅಕಾಲಕ್ಕೆ ಮರಿಗಳನ್ನು ಹಾಕಿಬಿಡುವುದುಂಟು. ದಯೆಯಿಂದ ಕಡಲಿಗೆ ಮರಳಿ ಬಿಟ್ಟರೂ ಅದು ಬರಿದಾದ ಒಡಲಿನಿಂದಲೇ ಹಿಂದಿರುಗುತ್ತದೆ.