ಜಿನೀವಾಕ್ಕೂ ಕೊಕ್ಕಡಕ್ಕೂ ಏನು ಸಂಬಂಧ?



ಇಚಿಲಂಪಾಡಿಯ ಈ ಶಾಲೆಯಲ್ಲಿ ಕಲಿತು, ಬಿ.ಇ. ಮುಗಿಸಿ, ಹಲವು ವರ್ಷಗಳಿಂದ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದೇನೆ. ಕಂಪ್ಯೂಟರಿನ ಬಗ್ಗೆ ಮಾತಾಡುತ್ತೇನೆಂದು ನೀವು ಎಣಿಸಿರಬಹುದು. ಆದರೆ ಇವತ್ತು ನಮ್ಮ ಆಸುಪಾಸಿನದೇ ಒಂದು ನೋವಿನ ವಿಷಯ ಹೇಳಬೇಕೆಂದಿದ್ದೇನೆ.

ಎಂಟನೇ ತರಗತಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳೆಯನ ಮನೆಗೆ ಒಮ್ಮೆ ಹೋಗಿದ್ದೆ. ಅವನ ತಮ್ಮ ಚಾಪೆಯಲ್ಲಿ ಮಲಗಿದ್ದ. ಎದ್ದು ಕೂರಲಾಗದು, ಮಾತಿಲ್ಲ. ಆ ಮಗುವನ್ನು ಬಿಟ್ಟು ಅವನ ಅಮ್ಮ ಒಂದು ಮದುವೆಗೂ ಹೋದವರಲ್ಲ. ನಾಗದೋಷವೋ ದೈವದ ಮುನಿಸೋ ಎಂದು ಹಿರಿಯರು ಮಾತಾಡಿಕೊಳ್ಳುತ್ತಿದ್ದರು. ಬೇರೆ ಕಾರಣ ಇರಬಹುದೇ ಎಂದು ಕೇಳುವ ಬುದ್ಧಿ ನನಗೂ ಇರಲಿಲ್ಲ.

ನೆರೆಯ ಕೊಕ್ಕಡ, ಪಟ್ರಮೆ, ನಿಡ್ಲೆ ಕಡೆಯ ಸರಕಾರಿ ಗೇರು ತೋಟಗಳಿಗೆ ಎಂಬತ್ತರ ದಶಕದಿಂದ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದರು. ಗಡಿಯಾಚೆ ಕಾಸರಗೋಡಿನಲ್ಲೂ ಅದೇ ಕಥೆ. ಅಲ್ಲಿನ ಪಡ್ರೆಯ ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್, ಒಂದೇ ಊರಿನಲ್ಲಿ ಇಷ್ಟೊಂದು ಕಾಯಿಲೆ ಯಾಕೆಂದು ಗಮನಿಸಿ ಬರೆದರು. ಪತ್ರಕರ್ತ ಶ್ರೀ ಪಡ್ರೆಯವರು ಅದನ್ನು ಹೊರಜಗತ್ತಿಗೆ ತಿಳಿಸಿದರು. ಊರವರು ಹೋರಾಡಿದರು. 2011ರ ಏಪ್ರಿಲ್ ಕೊನೆಗೆ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ಸೇರಿ, ಈ ವಿಷವನ್ನು ಜಗತ್ತಿನಿಂದಲೇ ತೊಲಗಿಸಲು ನಿರ್ಧರಿಸಿದವು. ಅಲ್ಲಿಯವರೆಗೆ ವಿರೋಧಿಸುತ್ತಿದ್ದ ಭಾರತ, ಕೆಲವು ಬೆಳೆಗಳಿಗೆ ಕಾಲಮಿತಿಯ ವಿನಾಯಿತಿ ಪಡೆದು ಒಪ್ಪಿತು. ಮೇ 13ರಂದು ಸುಪ್ರೀಂ ಕೋರ್ಟು ಅದರ ತಯಾರಿಕೆ, ಮಾರಾಟ, ಬಳಕೆಗೆ ದೇಶವಿಡೀ ತಡೆ ಹಾಕಿತು.

ನಾನಾಗ ಬಿ.ಇ. ಕೊನೆಯ ವರ್ಷದಲ್ಲಿದ್ದೆ. ಸುದ್ದಿಯನ್ನು ಪೇಪರಿನಲ್ಲಿ ಓದಿದೆ. ಗೆಳೆಯನಿಗೆ ಒಂದು ಫೋನ್ ಮಾಡಲಿಲ್ಲ.

ರೋಗ, ಔಷಧಿ, ವಿಷಗಳ ಬಗ್ಗೆ ದೇಶದೇಶಗಳು ಕೂತು ಹೀಗೆ ಚೌಕಾಸಿ ಮಾಡುವುದಕ್ಕೆ ಜಾಗತಿಕ ಆರೋಗ್ಯ ರಾಜತಾಂತ್ರಿಕತೆ ಎನ್ನುತ್ತಾರೆ. ಹತ್ತು-ಹದಿನೈದು ವರ್ಷ ಸೇವೆ ಮಾಡಿದ ವೈದ್ಯರು, ಅಧಿಕಾರಿಗಳು, ವಕೀಲರಿಗೆ ಇದರಲ್ಲಿ ತರಬೇತಿ ಕೊಡುವ ಸಂಸ್ಥೆಗಳು ಜಿನೀವಾದಲ್ಲೇ ಇವೆ. ಕರಡಿನ ಒಂದೊಂದು ಪದವನ್ನೂ ತೂಗಿ ನೋಡುವುದನ್ನು ಅಲ್ಲಿ ಕಲಿಸುತ್ತಾರೆ. ನಮ್ಮ ಸರಕಾರಿ ಆದೇಶಗಳಲ್ಲಿ 'ಮಾಡತಕ್ಕದ್ದು' ಎಂಬುದಕ್ಕೂ 'ಮಾಡಬಹುದು' ಎಂಬುದಕ್ಕೂ ಎಷ್ಟು ಅಂತರವಿದೆ ನೋಡಿ! ಅಲ್ಲಿಯೂ ಅಷ್ಟೇ. ಅಣಕು ಸಭೆ ನಡೆಸಿ, ತಮ್ಮದಲ್ಲದ ಪಕ್ಷದ ಪರವಾಗಿ ವಾದಿಸಲು ಹೇಳುವುದೂ ಉಂಟು.

ಇದನ್ನು ನಡುವಯಸ್ಸಿನಲ್ಲಿ ಯಾಕೆ ಕಲಿಯಬೇಕು? ಆ ಹೊತ್ತಿಗೆ ನಾವು ನಮ್ಮ ಕೆಲಸದಲ್ಲಿ ಪಳಗಿರುತ್ತೇವೆ, ಆದರೆ ಬೇರೆಯವರ ಭಾಷೆ ಮರೆತಿರುತ್ತೇವೆ. ಕೃಷಿ ಅಧಿಕಾರಿಗೆ ಇಳುವರಿ ಗೊತ್ತು, ವೈದ್ಯರಿಗೆ ರೋಗಿ ಗೊತ್ತು. ಇಬ್ಬರೂ ಒಂದೇ ಮೇಜಿನಲ್ಲಿ ಕೂರದಿದ್ದರೆ ಚಾಪೆಯಲ್ಲಿರುವ ಮಗು ಯಾರ ಲೆಕ್ಕಕ್ಕೂ ಬರುವುದಿಲ್ಲ. ಇಂಥ ತರಬೇತಿಗೆ ಹೋಗುವವರು ಒಂದು ವಾರ ಕೊಕ್ಕಡದಲ್ಲೋ ಪಡ್ರೆಯಲ್ಲೋ ಅಂಥ ಮನೆಗಳಲ್ಲಿ ಕೂತು ಬರಬೇಕು ಎಂಬುದು ನನ್ನ ಆಸೆ.

ನಮ್ಮ ಕಡೆಯಿಂದಲೂ ಒಂದು ಕೆಲಸ ಆಗಬೇಕು. ಇಷ್ಟೆಲ್ಲ ಆದದ್ದು ಹಳ್ಳಿಯ ಒಬ್ಬ ವೈದ್ಯರು ಕಂಡದ್ದನ್ನು ಬರೆದದ್ದರಿಂದ. ಈ ಶಾಲೆಯಲ್ಲಿ ಕಲಿತು ನರ್ಸ್, ಶಿಕ್ಷಕ, ವಕೀಲ, ಇಂಜಿನಿಯರ್ ಆದ ನಾವೆಲ್ಲ ವರ್ಷಕ್ಕೆ ಎರಡು ದಿನ ಇಲ್ಲಿಗೆ ಬರೋಣ. ಊರಿನ ನೀರು, ಬೆಳೆ, ಕಾಯಿಲೆಗಳನ್ನು ದಿನಾಂಕ ಹಾಕಿ ಬರೆದಿಡುವುದನ್ನೂ, ಇಲಾಖೆಗೆ ಸರಿಯಾದ ಅರ್ಜಿ ಬರೆಯುವುದನ್ನೂ ಮಕ್ಕಳಿಗೆ ಕಲಿಸೋಣ. ಮೊದಲ ಎರಡು ದಿನ ನಾನು ಬರುತ್ತೇನೆ.

ಕಳೆದ ದೀಪಾವಳಿಗೆ ಆ ಗೆಳೆಯನ ಮನೆಗೆ ಹೋಗಿದ್ದೆ. ತಮ್ಮ ಈಗಲೂ ಮಲಗಿದಲ್ಲೇ ಇದ್ದಾನೆ. ಅಮ್ಮನಿಗೆ ವಯಸ್ಸಾಗಿದೆ. ಕೊಕ್ಕಡ, ಕೊಯಿಲಗಳಲ್ಲಿ ಎಂಡೋ ಪಾಲನಾ ಕೇಂದ್ರಗಳಿವೆ, ಹಗಲು ನೋಡಿಕೊಳ್ಳುತ್ತಾರೆ. "ನಾನು ಹೋದ ಮೇಲೆ ರಾತ್ರಿ ಇವನನ್ನು ಯಾರು ನೋಡುತ್ತಾರೆ ಮಗಾ?" ಎಂದು ಕೇಳಿದರು. ಜಿನೀವಾದ ತೀರ್ಮಾನದಲ್ಲಿ ಇದಕ್ಕೆ ಉತ್ತರವಿಲ್ಲ. ಉತ್ತರ ಹುಡುಕಬೇಕಾದವರು ನಾವು.