ಬ್ಯಾಟೂ ಗಿಟಾರೂ

ಪೋರ್ಟೊರಿಕೊದ ಬರ್ನಿ ವಿಲಿಯಮ್ಸ್ ಹುಡುಗನಾಗಿದ್ದಾಗ ಓದಿದ್ದು ಸಂಗೀತ ಶಾಲೆಯಲ್ಲಿ, ಓಟದಲ್ಲೂ ಮುಂದು. ಬೇಸ್‌ಬಾಲ್ ಅವರನ್ನು ನ್ಯೂಯಾರ್ಕ್ ಯಾಂಕೀಸ್ ತಂಡಕ್ಕೆ ಕರೆದೊಯ್ದಿತು. 1991ರಿಂದ 2006ರವರೆಗೆ ಅಲ್ಲೇ ಆಡಿದರು. ಗಿಟಾರು ಮಾತ್ರ ಕೈಬಿಡಲಿಲ್ಲ. ಆಟ ಮುಗಿದ ಮೇಲೆ ಮತ್ತೆ ವಿದ್ಯಾರ್ಥಿಯಾಗಿ, 2016ರಲ್ಲಿ, ಐವತ್ತರ ಹೊಸ್ತಿಲಲ್ಲಿ, ಮ್ಯಾನ್‌ಹಟನ್ ಸ್ಕೂಲ್ ಆಫ್ ಮ್ಯೂಸಿಕ್‌ನಿಂದ ಪದವಿ ಪಡೆದರು!

ನಮ್ಮ ಮನೆಗಳಲ್ಲಿ ಎಸ್ಸೆಸ್ಸೆಲ್ಸಿ ಬಂತೆಂದರೆ ಮೊದಲು ಸಂಗೀತಪಾಠ ನಿಲ್ಲುತ್ತದೆ, ಅದರ ಹಿಂದೆಯೇ ಆಟ. ಎರಡು ದೋಣಿಯಲ್ಲಿ ಕಾಲಿಡಬೇಡ ಅನ್ನುತ್ತೇವೆ. ಆದರೆ ಓಟಗಾರನಿಗೆ ಬೇಕಾದ ಉಸಿರಿನ ಹಿಡಿತವೇ ಹಾಡುಗಾರನಿಗೂ ಬೇಕು. ಲಯ ತಪ್ಪಿದರೆ ಇಬ್ಬರೂ ಎಡವುತ್ತಾರೆ. ಹಾಗಂತ ದಿನಕ್ಕೆ ಇಪ್ಪತ್ತೈದನೆಯ ಗಂಟೆ ಹುಟ್ಟುವುದಿಲ್ಲ, ನಿಜ. ಪಂದ್ಯದ ವಾರ ವೀಣೆ ಹತ್ತು ನಿಮಿಷಕ್ಕೆ ಇಳಿಯಲಿ, ಕಛೇರಿಯ ವಾರ ಓಟ ಕಡಿಮೆಯಾಗಲಿ. ಆ ವೇಳಾಪಟ್ಟಿಯನ್ನು ಮಕ್ಕಳೇ ಬರೆದುಕೊಳ್ಳಲಿ.